ಸಾಲು ಸರಿದ ದಿನ

ಆಗಸ್ಟ್ 14, ಗುರುವಾರ ಮಧ್ಯಾಹ್ನ 3.40ಕ್ಕೆ ಸಾರಿಗೆ ಕಂಪನಿಯೊಂದರ ಏಜೆಂಟ್ ಒಡೇರಾ, ಉಗಾಂಡಾ ಗಡಿಯ ಮಲಾಬಾ ಪೊಲೀಸ್ ಠಾಣೆಗೆ ಬಂದು ದೂರು ಕೊಟ್ಟ. ಮೊಂಬಾಸಾದಿಂದ ಅಡುಗೆ ಎಣ್ಣೆ ಹೊತ್ತು ಬಂದ ಲಾರಿ ಸುಂಕದ ಕಾಗದವಿಲ್ಲದೆ 2.10ಕ್ಕೆ ಉಗಾಂಡಾಕ್ಕೆ ದಾಟಿದೆ. ಚಾಲಕ ಮಕೋಖಾನ ಫೋನ್ ಬಂದ್ ಆಗಿದೆ. ಕಳವಿನ ಎಫ್‌ಐಆರ್ ದಾಖಲಾಯಿತು.

“ದಾಟಿದ್ದನ್ನ ನೋಡಿದೋರು ಯಾರು?” ಇನ್‌ಸ್ಪೆಕ್ಟರ್ ಕಿಪ್ಕೋರಿರ್ ಕೇಳಿದರು.

“ನನ್ನ ಫೋನಲ್ಲೇ ಕಾಣ್ತು ಅಫಾಂದೆ,” ಎಂದ ಒಡೇರಾ, ಅಲ್ಲಿ ಪೊಲೀಸರಿಗೆ ‘ಸಾಹೇಬ್ರೇ’ ಎನ್ನುವ ಹಾಗೆ. “ಲಾರೀಲಿ ಜಿಪಿಎಸ್ ಡಬ್ಬಿ ಇದೆ.”

“ಮನುಷ್ಯರು ಯಾರೂ ನೋಡಿಲ್ಲ ಅನ್ನು.”

ಕಾನ್‌ಸ್ಟೇಬಲ್ ಮುತುವಾ ಗಡಿಗೇಟಿನ ಪುಸ್ತಕ ನೋಡಿ ಬಂದ. ಆ ನಂಬರಿನ ಲಾರಿ ದಾಟಿರಲಿಲ್ಲ. “ಇವತ್ತೇನಾಯ್ತೋ, ಮೂರು ದಿನ ಕೊಳೆಯೋ ಲಾರಿ ಸಾಲು ಮೂರು ಗಂಟೇಲಿ ಖಾಲಿ ಅಫಾಂದೆ,” ಎಂದ.

ಅಷ್ಟರಲ್ಲಿ ಒಡೇರಾ ಫೋನ್ ಮುಂದೆ ಹಿಡಿದ. “ಲಾರಿ ವಾಪಸ್ ಬರ್ತಿದೆ. ಗಂಟೆಗೆ ನಾಲ್ಕು ಕಿಲೋಮೀಟರ್.”

“ಅದು ಲಾರಿ ಅಲ್ಲಪ್ಪ, ನಡ್ಕೊಂಡು ಬರೋ ಮನುಷ್ಯ,” ಎಂದು ಕಿಪ್ಕೋರಿರ್ ಟೋಪಿ ಎತ್ತಿಕೊಂಡರು.

4.30ಕ್ಕೆ ಗಡಿ ಸೇತುವೆಯ ಮೇಲೆ, ಅಂಗಿಯೊಳಗೆ ಡಬ್ಬಿ ಬಚ್ಚಿಟ್ಟುಕೊಂಡು ಬರುತ್ತಿದ್ದ ಮ್ವಾಚಿರೋ ಸಿಕ್ಕಿಬಿದ್ದ. ಅವನೂ ಚಾಲಕನೇ, ಬೇರೆ ಕಂಪನಿಯವನು.

“ಡಬ್ಬಿ ಯಾರದ್ದು?”

“ಮಕೋಖಾಂದು. ಇವತ್ತು ಅವನ ಮಗಳ ಮದುವೆ ಮಾತುಕತೆ. ಎರಡು ಸಲ ಬೀಗರು ಬಂದು, ಅಪ್ಪ ಇಲ್ಲದ ಮನೇಲಿ ನೀರೂ ಮುಟ್ಟದೆ ಎದ್ದು ಹೋಗವ್ರೆ. ಈ ಸಲವೂ ಇರದಿದ್ರೆ ಸಂಬಂಧವೇ ಬೇಡ ಅಂದವ್ರೆ. ಡಬ್ಬಿ ಒಂದೇ ಕಡೆ ನಿಂತ್ರೆ ಕಂಪನಿಗೆ ಗೊತ್ತಾಗತ್ತೆ. ಸಾಲಲ್ಲಿ ತೆವಳ್ತಾ ಇರ್ಲಿ ಅಂತ ನನ್ನ ಲಾರೀಲಿ ಇಟ್ಟ. ನಾನು ದಾಟಿಬಿಟ್ಟೆ, ವಾಪಸ್ ಇಡೋಕೆ ಬಂದೆ.”

“ಸಾಲು ಬೇಗ ಸರಿದ್ರೆ ಅಂತ ಯೋಚಿಸ್ಲಿಲ್ವಾ?”

“ಹದಿನೆಂಟು ವರ್ಷದಿಂದ ಸರಿದಿಲ್ಲ ಅಫಾಂದೆ. ಇವತ್ತೇ ಸರೀಬೇಕಾ?”

ಅವನು ತೋರಿಸಿದ ಪೆಟ್ರೋಲ್ ಬಂಕಿನ ಹಿಂದೆ ಮಕೋಖಾನ ಲಾರಿ ಸಿಕ್ಕಿತು. 5.10ಕ್ಕೆ ಪಂಚನಾಮೆ: ಸೀಲ್ ಭದ್ರ, ಎಣ್ಣೆ ಪೂರ್ತಿ, ಡೀಸೆಲ್ ಕೂಡ ಒಂದು ಲೋಟ ಕಡಿಮೆಯಿಲ್ಲ. ಒಡೇರಾಗೆ ಇದರಿಂದ ಸ್ವಲ್ಪ ಬೇಸರವೇ ಆದಂತಿತ್ತು.

ಮಕೋಖಾನ ಮನೆ ಅಲ್ಲಿಂದ ಹದಿನಾಲ್ಕು ಕಿಲೋಮೀಟರ್. ಪೊಲೀಸರು ಹೋದಾಗ ಅಂಗಳದಲ್ಲಿ ಬೀಗರು ಕುಳಿತಿದ್ದರು. ಉಗಾಲಿ ಮುದ್ದೆ, ಕೋಳಿಸಾರು ಆಗಷ್ಟೇ ಬಂದಿತ್ತು. ಇಸ್ತ್ರಿಯ ಕೋಟು ತೊಟ್ಟ ಮಕೋಖಾ ಖಾಕಿ ಕಂಡು ಎದ್ದುನಿಂತ. ಲಾರಿ ಕಿಟಕಿಯ ಬಿಸಿಲಿಗೆ ಬಲಗೈ ಎಡಗೈಗಿಂತ ಕಪ್ಪಾಗಿತ್ತು.

“ಬರ್ತೀನಿ ಅಫಾಂದೆ. ಅವರು ಊಟಕ್ಕೆ ಕೈ ತೊಳ್ಕೊಳ್ಳೋ ತನಕ ಬಿಡಿ. ತೊಳ್ಕೊಂಡ್ರೆ ಒಪ್ಪಿದ ಹಾಗೆ.”

“ರಜೆ ಕೇಳ್ಬಹುದಿತ್ತಲ್ಲ?”

“ಹನ್ನೊಂದು ತಿಂಗಳಿಂದ ಕೇಳ್ತಿದೀನಿ. ಕಂಪನಿ ಗೇಟಿನಾಚೆ ಕೆಲಸಕ್ಕೆ ಹತ್ತು ಜನ ಕಾಯ್ತಾವ್ರೆ, ಕೀ ಇಟ್ಟು ಹೋಗು ಅಂತಾರೆ. ಓಡಿಸಿದ ಟ್ರಿಪ್ಪಿಗಷ್ಟೇ ಸಂಬಳ. ಸಾಲಲ್ಲಿ ಮೂರು ದಿನ ನಿಂತ್ರೆ ಅದು ಲೆಕ್ಕಕ್ಕಿಲ್ಲ. ಅಲ್ಲಿಂದ ನಮ್ಮೂರ ಗುಡ್ಡ ಕಾಣತ್ತೆ. ನೋಡ್ತಾ ಕೂತಿರ್ತೀನಿ.”

ಕಿಪ್ಕೋರಿರ್ ಬೆಂಚಿನ ತುದಿಯಲ್ಲಿ ಕುಳಿತರು. ಮುತುವಾ ಕೇಳದೆಯೇ ತಟ್ಟೆ ಹಿಡಿದ.

ಮಕೋಖಾ ಬೀಗರಿಗೆ ತಾನೇ ಎಲ್ಲವನ್ನೂ ಹೇಳಿದ. ಮಗಳು ನಸಿಪೊಂಡಿ ಬಾಗಿಲ ಬಳಿ ನಿಂತೇ ಇದ್ದಳು. ಹುಡುಗನ ದೊಡ್ಡಪ್ಪ ಊರುಗೋಲನ್ನು ಪಕ್ಕಕ್ಕಿಟ್ಟ.

“ಹುಡುಗಿಗೆ ಅಪ್ಪ ಇದಾನೋ ಇಲ್ವೋ ಅಂತ ನಮಗೆ ಅನುಮಾನ ಇತ್ತು,” ಎಂದ. “ಇದಾನೆ. ಹೆಣ್ಣಿಗೆ ಕೊಡೋ ತೆರದ ಹಸು ನಾಳೆನೇ ಹೊಡ್ಕೊಂಡು ಬರ್ತೀವಿ.” ಕೈತೊಳೆಯುವ ನೀರು ತರಲು ನಸಿಪೊಂಡಿಗೆ ಸನ್ನೆ ಮಾಡಿದ.

7.05ಕ್ಕೆ ಬಂಧನ. ಕಳವಿನ ಆರೋಪ ಬಿಟ್ಟುಹೋಯಿತು; ಡಬ್ಬಿ ಕಳಚಿದ್ದು, ಸರಕು ಬಿಟ್ಟು ಹೋದದ್ದು ಉಳಿಯಿತು. ಕೆಲಸವಂತೂ ಉಳಿಯುವ ಹಾಗಿರಲಿಲ್ಲ. ಜೀಪಿನ ಹಿಂದಿನ ಸೀಟಿನಲ್ಲಿ ಮಕೋಖಾ ಠಾಣೆ ಬರುವವರೆಗೂ ಗಾಢವಾಗಿ ನಿದ್ದೆ ಹೋದ.

ವರದಿಯಲ್ಲಿ ‘ಆರೋಪಿಯ ಉದ್ದೇಶ’ ಎಂಬ ಸಾಲಿನ ಮುಂದೆ ಕಿಪ್ಕೋರಿರ್ ಬರೆದರು: ಮನೆಗೆ ಹೋಗುವುದು.