ಬಿಸಿಲಿಗೆ ಬದಲಾಗದ ಮದ್ದು

2023ರ ಆಗಸ್ಟ್ 14, ಸೋಮವಾರ. ಬೆಳಗ್ಗೆ 9 ಗಂಟೆ 10 ನಿಮಿಷಕ್ಕೆ ಕೊರಿನ್ ಸ್ಟೂಬ್ ಎಂಬ ಹೆಂಗಸು ಅಮೆರಿಕದ ಮೊಂಟಾನಾ ರಾಜ್ಯದ ಸೇಜ್ ಫೋರ್ಕ್ ಕೌಂಟಿಯ ಶೆರಿಫ್ ಕಚೇರಿಗೆ ಬಂದು ದೂರು ಬರೆದುಕೊಟ್ಟಳು. ಎರಡು ದಿನದ ಹಿಂದೆ ಸಾವಿರ ಗಜದ ಗುರಿ ಸ್ಪರ್ಧೆಯಲ್ಲಿ ಅವಳ ಗಂಡ ಹ್ಯಾರ್ಲನ್‌ನ ರೈಫಲ್ ಹಿಂದಕ್ಕೆ ಸಿಡಿದು ಬಲಗಣ್ಣು ಹೋಗಿತ್ತು. ಬಲಗೈಯ ಎರಡು ಬೆರಳು ಉಳಿಯುತ್ತವೆಂದು ವೈದ್ಯರು ಹೇಳಿರಲಿಲ್ಲ. ಇದು ಆಕಸ್ಮಿಕವಲ್ಲ, ಯಾರೋ ಬೇಕೆಂದೇ ಮಾಡಿದ್ದು ಎಂಬುದು ದೂರಿನ ಸಾರ.

ದೂರನ್ನು ಓದಿದ ಡಿಟೆಕ್ಟಿವ್ ವೆರ್ನಾ ಕೋಸ್ಕಿ, ಯಾರ ಮೇಲೆ ಅನುಮಾನ ಎಂದು ಕೇಳಿದಳು. ಕೊರಿನ್ ತಡಮಾಡದೆ ವೇಡ್ ಟಿಮ್ಮನ್ಸ್ ಹೆಸರು ಹೇಳಿದಳು. ಎರಡು ವರ್ಷದಿಂದ ಹ್ಯಾರ್ಲನ್‌ಗೆ ಸೋಲುತ್ತಿದ್ದವನು. ಆ ದಿನ ತೋಟಾಗಳ ಡಬ್ಬಿಯಿಟ್ಟ ಮೇಜಿನ ಹತ್ತಿರ ಸುಳಿದಾಡಿದವನು.

ವೆರ್ನಾಳಿಗೆ ಐವತ್ತೊಂದು ವರ್ಷ. ಈ ಕೆಲಸದಲ್ಲಿ ಇಪ್ಪತ್ತಾರು ಕಳೆದಿದ್ದಳು. ಅಷ್ಟು ಚುರುಕಾಗಿ ಬಂದ ಹೆಸರನ್ನು ಅವಳು ಸುಲಭಕ್ಕೆ ನಂಬುವವಳಲ್ಲ, ಹೇಳಿದವರನ್ನೂ ನಂಬುತ್ತಿರಲಿಲ್ಲ. ಪುಸ್ತಕದಲ್ಲಿ ವೇಡ್ ಹೆಸರಿನ ಕೆಳಗೆ ಕೊರಿನ್‌ಳ ಹೆಸರನ್ನೂ ಬರೆದುಕೊಂಡಳು.

11 ಗಂಟೆಗೆ ಡೆಪ್ಯುಟಿ ಓರಿನ್ ಪ್ರೂಯಿಟ್ ಜೊತೆ ಗುರಿ ಮೈದಾನಕ್ಕೆ ಹೋಗಿ ಪಂಚನಾಮೆ ಮಾಡಿದಳು. ಹ್ಯಾರ್ಲನ್ ಹಾಗೆ ಓರಿನ್ ಕೂಡ ಮನೆಯಲ್ಲಿ ತಾನೇ ಸಿಡಿಮದ್ದು ತೂಗಿ ತೋಟಾ ತುಂಬುವವನು. ರೈಫಲ್‌ನ ಕುದುರೆ, ತೋಟಾ ಹಾಕಿ ತೆಗೆಯಲು ಎಳೆಯುವ ಬೋಲ್ಟು ಎಲ್ಲವನ್ನೂ ತಿರುಗಿಸಿ ನೋಡಿದ. ತೋಟಾದ ಹಿತ್ತಾಳೆ ಕೋಶದ ಹಿಂಬದಿಯೇ ಒಡೆದು, ಕಾದ ಗಾಳಿ ಮತ್ತು ಚೂರುಗಳು ಮುಖಕ್ಕೆ ಬಂದಿದ್ದವು. ಬೆವರೆಂದು ಹ್ಯಾರ್ಲನ್ ಕನ್ನಡಕವನ್ನು ಹಣೆಗೆ ಏರಿಸಿಕೊಂಡಿದ್ದ. ಶನಿವಾರ ಮಧ್ಯಾಹ್ನ ಫ್ಯಾರನ್‌ಹೀಟ್ ನೂರ ಒಂದು ಡಿಗ್ರಿ ಸೆಕೆ ಇತ್ತು. ತೋಟಾ ಡಬ್ಬಿ ಕಪ್ಪು ರಬ್ಬರ್ ಚಾಪೆಯ ಮೇಲೆ ಬಿಸಿಲಲ್ಲೇ ಬಿದ್ದಿತ್ತು.

ಅಂಕ ಬರೆಯುತ್ತಿದ್ದವನ ಹೇಳಿಕೆ ಮುಖ್ಯವಾಗಿತ್ತು. ಮೊದಲ ಗುಂಡಿನಿಂದಲೇ ಬೋಲ್ಟು ಬಿಗಿಯಾಗುತ್ತಿತ್ತಂತೆ. ಮೂರನೆಯದಕ್ಕೆ ಹ್ಯಾರ್ಲನ್ ಅಂಗೈಯಿಂದ ಗುದ್ದಿ ತೆರೆದನಂತೆ. ಐದನೆಯದು ಸಿಡಿಯಿತು.

"ಬೋಲ್ಟು ಬಿಗಿ ಆಯ್ತು ಅಂದ್ರೆ ಒಳಗೆ ಒತ್ತಡ ಮೀರಿದೆ ಅಂತ. ಶೆಕೆಗೆ ಮದ್ದು ಬಿರುಸಾಗತ್ತೆ, ವೆರ್ನಾ," ಎಂದ ಓರಿನ್. "ಚಳೀಲಿ ಅಳತೆ ಸರಿ ಅನ್ಸಿದ್ದು ಬೇಸಿಗೇಲಿ ಹೆಚ್ಚಾಗಿ ಕೂರತ್ತೆ. ಆದ್ರೆ ಹ್ಯಾರ್ಲನ್ ಬಳಸೋದು ಹೊಸ ನಮೂನೆ ಮದ್ದು. ಹಿಮದಲ್ಲಿಡಿ, ಕಾದ ಕಾರಿನ ಬಾನೆಟ್ ಮೇಲಿಡಿ, ಗುಂಡಿನ ವೇಗ ಹೆಚ್ಚುಕಮ್ಮಿ ಅಷ್ಟೇ ಇರತ್ತೆ. ಈ ಕೌಂಟೀಲಿ ಎಲ್ರೂ ಅದನ್ನೇ ತುಂಬ್ತೀವಿ. ಆ ಮದ್ದಿನ ಅಳತೆ ಕಂಡುಹಿಡಿದಿದ್ದು ಅವನು, ಹ್ಯಾರ್ಲನ್ ಲೋಡು ಅಂತಾನೇ ಅದಕ್ಕೆ ಹೆಸ್ರು."

"ಹಾಗಿದ್ರೆ ಸಿಡಿದಿದ್ದು ಯಾಕೆ?"

ಓರಿನ್ ಡಬ್ಬಿಯಲ್ಲಿ ಉಳಿದಿದ್ದ ತೋಟಾಗಳನ್ನು ಎಣಿಸಿದ.

ಉಳಿದ ಹದಿನೈದು ತೋಟಾಗಳನ್ನೂ, ಹ್ಯಾರ್ಲನ್‌ನ ಶೆಡ್ಡಿನಲ್ಲಿದ್ದ ಎಂಟು ಪೌಂಡಿನ ಮದ್ದಿನ ಕ್ಯಾನನ್ನೂ ಮೊಹರು ಮಾಡಿ ರಾಜ್ಯದ ಪ್ರಯೋಗಾಲಯಕ್ಕೆ ಕಳಿಸಿದರು. ವೇಡ್‌ನನ್ನು ಎರಡು ಸಲ ಕರೆಸಿ ವಿಚಾರಿಸಿದ್ದಾಯಿತು. ಅವನು ಎರಡು ಸಲವೂ ಸಿಡಿಮಿಡಿಗೊಂಡ. ಮೇಜಿನ ಹತ್ತಿರ ಹೋದದ್ದು ನೀರಿನ ಬಾಟಲಿಗೆ ಎಂದ. ಊರಲ್ಲಿ ಆಗಲೇ ಅವನ ಪಿಕಪ್ ಗಾಡಿಯ ಟಯರು ಯಾರೋ ಕೊಯ್ದಿದ್ದರು.

ಆಸ್ಪತ್ರೆಗೆ ಹೋದಾಗಲೆಲ್ಲ ವೆರ್ನಾಳ ಕಣ್ಣಿಗೆ ಒಬ್ಬ ಮುದುಕ ಬೀಳುತ್ತಿದ್ದ. ಮಿಲ್ಟನ್ ಕ್ವಾಮ್, ಎಪ್ಪತ್ತೊಂದು ವರ್ಷದವನು, ಕುದುರೆ ಜೀನು ಹೊಲಿಯುವವನು, ಹ್ಯಾರ್ಲನ್‌ನ ಮೂವತ್ತು ವರ್ಷದ ಸ್ನೇಹಿತ. ದಿನಾ ಬಂದು ಕಾರಿಡಾರಿನಲ್ಲಿ ಟೋಪಿ ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದ. ಒಂದು ದಿನವೂ ಒಳಗೆ ಹೋಗಿರಲಿಲ್ಲವೆಂದು ನರ್ಸ್ ಹೇಳಿದಳು.

ಆಗಸ್ಟ್ 24ರಂದು ಪ್ರಯೋಗಾಲಯದ ವರದಿ ಬಂತು. ಹದಿನೈದೂ ತೋಟಾಗಳಲ್ಲಿ ಇದ್ದದ್ದು, ಕ್ಯಾನಿನಲ್ಲಿ ಇದ್ದದ್ದು ಒಂದೇ ಮದ್ದು. ಆದರೆ ಕ್ಯಾನಿನ ಚೀಟಿಯ ಮೇಲೆ ಬರೆದಿದ್ದ ಮದ್ದಲ್ಲ. ಹಳೆಯ ನಮೂನೆಯದು, ಶಾಖಕ್ಕೆ ಬಿರುಸಾಗುವಂಥದ್ದು. ಎರಡೂ ನೋಡಲು ಮುರಿದ ಪೆನ್ಸಿಲ್ ಸೀಸದ ಚೂರಿನ ಹಾಗೆ, ಬರಿಗಣ್ಣಿಗೆ ವ್ಯತ್ಯಾಸ ತಿಳಿಯದು. ಕ್ಯಾನಿನ ಒಳಮುಚ್ಚಳದ ಹಾಳೆಯನ್ನು ನಾಜೂಕಾಗಿ ಎಬ್ಬಿಸಿ ಮತ್ತೆ ಅಂಟಿಸಿದ ಗುರುತಿತ್ತು.

ಮದ್ದು ಬದಲಾದದ್ದು ಕ್ಯಾನಿನಲ್ಲೇ ಆದ್ದರಿಂದ ಸ್ಪರ್ಧೆಯ ದಿನ ಮೇಜಿನ ಬಳಿ ಸುಳಿದವನಿಗೂ ಇದಕ್ಕೂ ಸಂಬಂಧವಿಲ್ಲವೆಂದಾಯಿತು. ವೆರ್ನಾ ವೇಡ್‌ನ ಹೆಸರಿಗೆ ಗೆರೆ ಎಳೆದಳು, ಕೊರಿನ್‌ಳದನ್ನು ಉಳಿಸಿದಳು. ಮರುದಿನ ಬಂದೂಕಿನ ಅಂಗಡಿಯವಳು ಹೇಳಿದ್ದಿಷ್ಟು: ಏಪ್ರಿಲಿನಲ್ಲಿ ಬಂದ ಆ ಸರಕಿನ ಎರಡು ಕ್ಯಾನುಗಳನ್ನು ಒಯ್ದದ್ದು ಮಿಲ್ಟನ್, ಒಂದು ತನಗೆ, ಒಂದು ಹ್ಯಾರ್ಲನ್‌ಗೆ. ಅದೇ ಸರಕಿನ ಇನ್ನೊಂದು ಕ್ಯಾನು ಅಂಗಡಿಯಲ್ಲಿತ್ತು. ತೆಗೆಸಿ ನೋಡಿದರೆ ಒಳಗಿದ್ದದ್ದು ಸರಿಯಾದ ಮದ್ದೇ.

ಮುದುಕನ ಮನೆಗೆ ಹೊರಡುವ ಮೊದಲು ವೆರ್ನಾ ಹ್ಯಾರ್ಲನ್‌ನ ಶೆಡ್ಡಿನಿಂದ ತಂದಿದ್ದ ಅವನ ಟಿಪ್ಪಣಿ ಪುಸ್ತಕವನ್ನು ಇನ್ನೊಮ್ಮೆ ತೆರೆದಳು. ಹೊಸ ಕ್ಯಾನು ತೆಗೆದಾಗ ಶಾಖದ ಪರೀಕ್ಷೆ ಮಾಡುವುದು ವಾಡಿಕೆ: ಹತ್ತು ತೋಟಾ ಐಸ್ ಪೆಟ್ಟಿಗೆಯಲ್ಲಿ, ಹತ್ತು ಬಿಸಿಲಲ್ಲಿ, ಎರಡರ ವೇಗವನ್ನೂ ಯಂತ್ರದಲ್ಲಿ ಅಳೆಯುವುದು. 2023ರ ಮೇ 20ರ ಪುಟದಲ್ಲಿ ಇಪ್ಪತ್ತು ಅಂಕಿ ಅಚ್ಚುಕಟ್ಟಾಗಿ ಇದ್ದವು. ಶಾಖಕ್ಕೆ ಬದಲಾಗುವ ಮದ್ದಿಗೆ ಇಷ್ಟು ಸಮನಾದ ಅಂಕಿ ಹೇಗೆ ಬಂತು? ಹಿಂದಿನ ಪುಟಗಳನ್ನು ತಿರುವುತ್ತ 2019ರ ಜುಲೈ 27ಕ್ಕೆ ಬಂದು ನಿಂತಳು. ಅವೇ ಇಪ್ಪತ್ತು ಅಂಕಿ, ಅದೇ ಕ್ರಮ.

ಓರಿನ್ ನೋಡಿ ತಲೆ ಕೆರೆದುಕೊಂಡ. "ಒಂದೇ ಡಬ್ಬೀದು, ಹತ್ತು ನಿಮಿಷ ಬಿಟ್ಟು ಹೊಡೆದ್ರೂ ಹೀಗೆ ಬರಲ್ಲ. ಇದು ಕೂತ್ಕೊಂಡು ನಕಲು ಮಾಡಿರೋದು."

"ಮೊದಲನೇ ಸಲದ್ದಾದ್ರೂ ಇವನದೇನಾ?"

ಆಗಸ್ಟ್ 26, ಶನಿವಾರ, ಮಧ್ಯಾಹ್ನ 2 ಗಂಟೆ. ಶೋಧನಾ ಆದೇಶ ಹಿಡಿದು ಹೋದಾಗ ಮಿಲ್ಟನ್ ಶೆಡ್ಡಿನ ಬಾಗಿಲು ತಾನೇ ತೆರೆದ. ಗೋಡೆಗೆ ನಾಲ್ಕು ಥರ್ಮಾಮೀಟರು, ಮೂಲೆಯಲ್ಲಿ ಐಸ್ ಪೆಟ್ಟಿಗೆ, ಹಲಗೆಯ ಮೇಲೆ ಹದಿನಾಲ್ಕು ಟಿಪ್ಪಣಿ ಪುಸ್ತಕ. ಬೆಂಚಿನ ಕೆಳಗೆ ಹಳೆ ನಮೂನೆ ಮದ್ದಿನ ಖಾಲಿ ಡಬ್ಬಿಗಳಿದ್ದವು. ಅವನ್ನು ಬಚ್ಚಿಡುವ ಗೋಜಿಗೂ ಹೋಗಿರಲಿಲ್ಲ. 2019ರ ಪುಸ್ತಕದ ಜುಲೈ 27ರಲ್ಲಿ ಅವೇ ಇಪ್ಪತ್ತು ಅಂಕಿ ಇದ್ದವು. ಹ್ಯಾರ್ಲನ್‌ನ ಪುಟದಲ್ಲಿಲ್ಲದ ಕೆಲವು ವಿವರಗಳೂ ಇಲ್ಲಿದ್ದವು: ಗಾಳಿಯ ದಿಕ್ಕು, ಹೊಡೆದು ಹಾಕಿ ತಿದ್ದಿದ ಗೆರೆಗಳು, ಬೆವರಿಗೆ ಹರಡಿದ ಶಾಯಿ.

ಮಾತಾಡದೆ ಇರುವ ಹಕ್ಕು ಅವನಿಗಿದೆಯೆಂದು ವೆರ್ನಾ ಓದಿ ಹೇಳಿದಳು. ಅವನು ಸ್ಟೂಲಿನ ಮೇಲೆ ಕೂತ.

"ಹ್ಯಾರ್ಲನ್ ಲೋಡು ನಿಮ್ಮದು," ಎಂದಳು ವೆರ್ನಾ.

"ಮೂರು ಬೇಸಿಗೆ, ಎರಡು ಚಳಿಗಾಲ ಅಳೆದು ಕಂಡ್ಕೊಂಡಿದ್ದು. ಶೂಟಿಂಗ್ ಕ್ಲಬ್ಬಿನ ಪತ್ರಿಕೇಲಿ ಅವನ ಹೆಸರಲ್ಲಿ ಬಂತು. ಮರೆತಿರ್ಬೇಕು, ಮುಂದಿನ ಸಂಚಿಕೇಲಿ ಸರಿ ಮಾಡ್ತಾನೆ ಅಂದ್ಕೊಂಡೆ. ನಾಲ್ಕು ವರ್ಷ ಆಯ್ತು ತಾಯಿ."

"ಅದಕ್ಕೆ ಸಾಯಿಸಕ್ಕೆ ಹೊರಟ್ರಾ?"

"ಇಲ್ಲ." ಮುದುಕ ಮೊಣಕಾಲು ಒತ್ತಿಕೊಂಡ. "ಅವನು ಒಂದೇ ಒಂದ್ಸಲ ಪರೀಕ್ಷೆ ಮಾಡಿದ್ರೆ ಸಾಕಿತ್ತು. ಐಸ್ ಪೆಟ್ಟಿಗೆ, ಬಿಸಿಲು, ಇಪ್ಪತ್ತು ಗುಂಡು. ಮದ್ದು ಬದಲಾಯ್ಸಿದ್ದು ತಿಳಿದು, ಸಂಜೆಯೊಳಗೆ ನಾನು ಸಿಕ್ಕಿಬೀಳ್ತಿದ್ದೆ. ನನ್ನ ಮನೆ ಮುಂದೆ ಬಂದು ಬೈತಾನೆ ಅಂತ ಇಡೀ ಬೇಸಿಗೆ ಕಾದೆ. ಬರಲಿಲ್ಲ. ಸರಿ, ಎಲ್ರ ಮುಂದೆ ಗುಂಡು ಗುರಿಯ ಮೇಲ್ಗಡೆ ಹಾರಿ ಸೋಲ್ಲಿ, ಯಾಕೆ ಅಂತ ಜನ ಕೇಳ್ದಾಗ ಉತ್ರ ಗೊತ್ತಿಲ್ದೆ ನಿಲ್ಲಲಿ, ಅಷ್ಟೇ ಇದ್ದಿದ್ದು. ಬೋಲ್ಟು ಬಿಗಿ ಆದ್ರೆ ಯಾರಾದ್ರೂ ಹೊಡೆಯೋದು ನಿಲ್ಲಿಸ್ತಾರೆ."

"ನೀವು ಅವತ್ತು ಅಲ್ಲೇ ಇದ್ರಿ."

ಮುದುಕ ಗೋಡೆಯ ಥರ್ಮಾಮೀಟರುಗಳ ಕಡೆ ತಿರುಗಿದ. ಓರಿನ್ ಬರೆಯುವುದನ್ನು ನಿಲ್ಲಿಸಿ ಕಾದ.

"ಅವನ ಹಿಂದೆ ಹತ್ತಡಿ ದೂರ. ಎರಡನೇ ಗುಂಡಿಗೇ ನಂಗೆ ಗೊತ್ತಾಯ್ತು. ನಿಲ್ಸು ಅಂತ ಒಂದು ಮಾತು. ಬಾಯಿಗೆ ಬಂದಿತ್ತು. ಇನ್ನೊಂದು ಗುಂಡು ಮೇಲೆ ಹೋಗ್ಲಿ ಅಂತ ನುಂಗ್ಕೊಂಡೆ."

ಮಧ್ಯಾಹ್ನ 3 ಗಂಟೆ 25 ನಿಮಿಷಕ್ಕೆ ಮಿಲ್ಟನ್ ಕ್ವಾಮ್‌ನನ್ನು ಬಂಧಿಸಲಾಯಿತು. ಪ್ರಾಣಕ್ಕೆ ಅಪಾಯವಾಗುವಂತೆ ನಡೆದುಕೊಂಡದ್ದು, ಗಂಭೀರ ಗಾಯ ಉಂಟುಮಾಡಿದ್ದು ಆರೋಪ. ಕೈಕೋಳ ಹಾಕುವಾಗ ಓರಿನ್ ಮುದುಕನ ಅಂಗಿಯ ತೋಳನ್ನು ಕೋಳದೊಳಗೆ ಎಳೆದು, ಕಬ್ಬಿಣ ಚರ್ಮಕ್ಕೆ ತಾಕದ ಹಾಗೆ ಮಾಡಿದ. ಇದನ್ನು ಯಾರೂ ದಾಖಲಿಸಲಿಲ್ಲ.

ಹ್ಯಾರ್ಲನ್‌ನ ಪೂರಕ ಹೇಳಿಕೆ ಇನ್ನೂ ಬಾಕಿಯಿತ್ತು. ಸೋಮವಾರ ವೆರ್ನಾ ಆಸ್ಪತ್ರೆಗೆ ಹೋಗಿ ಬಂಧನದ ವಿಷಯ ತಿಳಿಸಿದಳು. ಹ್ಯಾರ್ಲನ್ ಉಳಿದ ಒಂದು ಕಣ್ಣನ್ನು ಛಾವಣಿಯ ಕಡೆ ನೆಟ್ಟು ಮಲಗಿದ್ದ. ಕೊರಿನ್ ಎದ್ದು ಕಿಟಕಿಯ ಹತ್ತಿರ ಹೋದಳು.

"ಮೇ ತಿಂಗಳಲ್ಲಿ ಆ ಕ್ಯಾನಿನ ಶಾಖದ ಪರೀಕ್ಷೆ ಮಾಡಿದ್ರಾ?"

"ಪುಸ್ತಕದಲ್ಲಿದೆಯಲ್ಲ."

"ಪುಸ್ತಕ ನೋಡಿದೀನಿ. ನೀವು ಮಾಡಿದ್ರಾ ಅಂತ ಕೇಳ್ತಿದೀನಿ."

ಅವನು ಬ್ಯಾಂಡೇಜು ಸುತ್ತಿದ ಕೈಯನ್ನು ಹೊದಿಕೆಯೊಳಗೆ ಸರಿಸಿಕೊಂಡ.

"ಪರೀಕ್ಷೆ ಎಲ್ಲಾ ಮಿಲ್ಟನ್ ಮಾಡ್ತಿದ್ದ," ಎಂದ. "ಯಾವಾಗ್ಲೂ ಅವನೇ."

ವೆರ್ನಾ ಆ ಎರಡು ವಾಕ್ಯಗಳನ್ನು ಹಾಗೇ ಬರೆದುಕೊಂಡು, ಓದಿ ಹೇಳಿ, ಹಾಳೆಯನ್ನು ಅವನ ಎಡಗೈಯ ಕಡೆಗೆ ತಿರುಗಿಸಿ ಹಿಡಿದಳು. ಸಹಿ ಮಾಡಲು ಅವನಿಗೆ ಬಹಳ ಹೊತ್ತು ಹಿಡಿಯಿತು.