ಕೊನೆಯ ಬೆಂಚಿನ ವಿಶಾಖಾ

"ಕೊನೀ ಬೆಂಚಿನ ಮೇಡಮ್, ಬಂದಿದ್ದೇ ತಡಾ ಆಗೇತಿ. ಬರ್ಕೊಳ್ಳಾಕರ ಶುರು ಮಾಡ್ರಿ."

ವಿಶಾಖಾ ಅತ್ತಿತ್ತ ನೋಡಿದಳು. ಅಜಿತ ಸರ್ ಹೇಳಿದ್ದು ತನಗೇ.

ಅವಳು ವಿದ್ಯಾರ್ಥಿನಿಯಲ್ಲ. ಪಾಠ ಹೇಳುವ ರೀತಿಯಿಂದ ವಿದ್ಯಾರ್ಥಿಗಳ ಆಸಕ್ತಿ ಹೇಗೆ ಬದಲಾಗುತ್ತದೆ ಎಂದು ಪಿಎಚ್.ಡಿ. ಮಾಡುತ್ತಿದ್ದಳು. ತೊರವಿ ಹತ್ತಿರದ ಈ ಪಿ.ಜಿ. ಕಾಲೇಜಿನ ಪ್ರಿನ್ಸಿಪಾಲರು ಕ್ಲಾಸಿನಲ್ಲಿ ಕುಳಿತು ನೋಡಲು ಒಪ್ಪಿಗೆ ಕೊಟ್ಟಿದ್ದರು, ಅಜಿತನಿಗೆ ಹೇಳಲು ಮರೆತಿದ್ದರು. ಹೇಳಿಬಿಡಬಹುದಿತ್ತು. ಆದರೆ ಕನ್ನಡಕದ ಮೇಲಿಂದ ಇಣುಕಿದ ಆ ಕಣ್ಣುಗಳಲ್ಲಿ ಸಿಟ್ಟಿಗಿಂತ ಸಂಕೋಚವೇ ಹೆಚ್ಚಿತ್ತು. ಸುಮ್ಮನೆ ಪೆನ್ನು ತೆಗೆದಳು.

ಐವತ್ತು ನಿಮಿಷ ಅವನು ಅರ್ಥಶಾಸ್ತ್ರದ ನೋಟ್ಸ್ ಹೇಳಿದ, ವಿದ್ಯಾರ್ಥಿಗಳು ಬರೆದರು. ಕಿಟಕಿ ಬದಿಯ ಇಬ್ಬರು ನಿದ್ದೆ ಹೋದರು.

ಗಂಟೆ ಬಾರಿಸಿದ ಮೇಲೆ ಅವಳು ಯಾರೆಂದು ತಿಳಿದು ಅಜಿತನ ಕಿವಿಗಳು ಕೆಂಪಾದವು.

"ಏನ್ ಬರದೀರಿ ನನ್ನ ಬಗ್ಗೆ?"

"ಎಷ್ಟು ಮಂದಿ ಪ್ರಶ್ನೆ ಕೇಳಿದ್ರು ಅಂತ ಬರೀಬೇಕ್ರಿ. ಸೊನ್ನೆ ಬರದೇನಿ."

ಅವನು ಡಸ್ಟರ್ ಕೆಳಗಿಟ್ಟ. "ನಾ ತಿಕೋಟಾದ ಕನ್ನಡ ಸಾಲ್ಯಾಗ ಕಲ್ತಾಂವ್ರಿ. ಎಂ.ಎ. ಮೊದಲನೇ ವರ್ಷ ಒಂದ್ ಪ್ರಶ್ನೆ ಕೇಳಿದ್ದೆ. ಸರ್ ನನ್ನ ಇಂಗ್ಲಿಷ್ ಅಣಕಿಸಿ ತೋರಿಸಿದ್ರು. ಕ್ಲಾಸೆಲ್ಲ ನಕ್ಕಿತು. ನನ್ನ ಕ್ಲಾಸಿನ್ಯಾಗ ಯಾರ್ದೂ ಮಾನ ಹೋಗಬಾರ್ದು. ಅದಕ್ಕ ಯಾರನ್ನೂ ಮಾತಾಡ್ಸೂದಿಲ್ಲ."

ವಿಶಾಖಾಗೆ ತಾನು ಓದಿದ ಯಾವ ಪುಸ್ತಕದಲ್ಲೂ ಈ ಕಾರಣ ಸಿಕ್ಕಿರಲಿಲ್ಲ.

"ಅವರಿಗೆ ಗೊತ್ತಿರೂದನ್ನ ಕೇಳಿ ನೋಡ್ರಿ ಸರ್," ಎಂದಳು ಮೆಲ್ಲಗೆ. "ಆವಾಗ ಯಾರ್ ನಗ್ತಾರ?"

ಮರುವಾರ ಅಜಿತ ನೋಟ್ಸ್ ತರಲಿಲ್ಲ. ಒಂದು ಚೀಲ ಒಣದ್ರಾಕ್ಷಿ ತಂದು ಬೆಂಚಿಗೆ ಇಷ್ಟಿಷ್ಟು ಹಂಚಿದ.

"ರೇಟ್ ಬಿದ್ದಾಗ ರೈತ ಏನ್ ಮಾಡ್ತಾನ? ಪುಸ್ತಕದಾಗಿನ ಉತ್ತರ ಬ್ಯಾಡ."

ಅವನು ಬೋರ್ಡಿನ ಕಡೆ ತಿರುಗುವಷ್ಟರಲ್ಲಿ, ವರ್ಷವಿಡೀ ಬಾಯಿ ಬಿಡದ ಬಬಲೇಶ್ವರದ ಸಿದ್ದರಾಮ ಎದ್ದು ನಿಂತ. "ಕೋಲ್ಡ್ ಸ್ಟೋರೇಜಿನ್ಯಾಗ ಇಡ್ತೀವ್ರಿ ಸರ್. ರೇಟ್ ಏರೂತನ ಮಾರೂದಿಲ್ಲ."

"ನಿಮ್ಮದು ದೊಡ್ಡ ತ್ವಾಟ, ಕಾಯ್ತೀರಿ," ಎಂದಳು ಮುಂದಿನ ಬೆಂಚಿನ ವಿಜಯಲಕ್ಷ್ಮೀ. "ಎರಡ ಎಕರೆದೋರು ಹೆಂಗ ಕಾಯಬೇಕ್ರಿ?"

ಅಲ್ಲಿಂದ ಕ್ಲಾಸು ಅಜಿತನ ಕೈಯಲ್ಲಿ ಉಳಿಯಲಿಲ್ಲ. ಕಿಟಕಿ ಬದಿಯ ಇಬ್ಬರೂ ವಾದಕ್ಕಿಳಿದರು. ಸಿದ್ದರಾಮ ಇಂಗ್ಲಿಷ್ ಪದ ತಪ್ಪು ಹೇಳಿದಾಗ ಅಜಿತ ಅದನ್ನು ಹಿಡಿಯಲಿಲ್ಲ, ಅವನ ಮಾತನ್ನೇ ಬೋರ್ಡಿನ ಮೇಲೆ ಸರಿಯಾಗಿ ಬರೆದು ಅಡಿಗೆರೆ ಎಳೆದ. ಆಮೇಲೆ, ಅಷ್ಟು ಗದ್ದಲದ ನಡುವೆ, ಕೊನೆಯ ಬೆಂಚಿನ ಕಡೆ ನೋಡಿ ನಕ್ಕ. ಮೊದಲ ಸಲ ಅಂಕ ಪಡೆದ ಹುಡುಗನ ಹಾಗೆ.

ಗಂಟೆ ಬಾರಿಸಿದಾಗ ವಿಶಾಖಾಳ ಫಾರ್ಮ್ ಪೂರ್ತಿ ಖಾಲಿ ಇತ್ತು. ಅವಳು ಪ್ರಶ್ನೆ ಎಣಿಸಿರಲಿಲ್ಲ. ಸೀಮೆಸುಣ್ಣ ಮೆತ್ತಿದ ಅವನ ತೋಳನ್ನೇ ನೋಡುತ್ತ ಕುಳಿತಿದ್ದಳು.

ಎರಡು ದಿನ ಜಲನಗರದ ಮನೆಯಲ್ಲಿ ಅತ್ತಿಂದಿತ್ತ ಓಡಾಡಿದಳು. ಆ ಕ್ಲಾಸು ಅವಳ ಅಧ್ಯಯನದಲ್ಲೇ ಒಳ್ಳೆಯ ಉದಾಹರಣೆಯಾಗಬಹುದಿತ್ತು. ಆದರೂ ಗೈಡ್‌ಗೆ ಫೋನ್ ಮಾಡಿ ನಿಜ ಹೇಳಿದಳು. ಬೇರೆ ಕಾಲೇಜು ಹುಡುಕಬೇಕು, ಎರಡು ತಿಂಗಳ ಕೆಲಸ ಹೆಚ್ಚಾಗುತ್ತದೆ ಎಂದರು ಅವರು.

ಆ ಸಂಜೆ ಬಸ್ ಸ್ಟಾಪಿನಲ್ಲಿ ಅಜಿತ ಸಿಕ್ಕ.

"ನಾಳಿಂದ ನಾ ಬರೂದಿಲ್ರಿ. ನಿಮ್ಮ ಕ್ಲಾಸ್ ಅಧ್ಯಯನದಿಂದ ತಗದೇನಿ."

ಅವನ ಮುಖ ಇಳಿಯಿತು. "ಅಷ್ಟು ಕೆಟ್ಟ ಕಲಿಸ್ತೇನೇನ್ರಿ?"

"ನೋಡೋರು ಒಂದ್ ಕಡೆ ವಾಲಬಾರ್ದು ಅಂತ ನಿಯಮ ಐತ್ರಿ." ಅವಳು ಸೆರಗು ಸರಿಮಾಡಿಕೊಂಡಳು, ಅದು ಸರಿಯಾಗಿಯೇ ಇತ್ತು. "ನಾ ವಾಲೇನಿ."

ಅಜಿತ ಹತ್ತಬೇಕಾದ ತಿಕೋಟಾ ಬಸ್ ಬಂದು ನಿಂತಿತು. ಕಂಡಕ್ಟರ್ ಎರಡು ಸಲ ಕೂಗಿ, ಇವನು ಹತ್ತುವವನಲ್ಲ ಎಂದು ತಿಳಿದು ಸೀಟಿ ಊದಿದ.

"ವಾರದಿಂದ ಪಾಠ ತಯಾರ್ ಮಾಡಾಕತ್ತೇನಿ," ಎಂದ ಅಜಿತ, ಮಾತು ಹುಡುಕಿ ಹುಡುಕಿ. "ನೀವು ನಗ್ತೀರೋ ಇಲ್ಲೋ ಅಂತ ಒಂದೊಂದ್ ಸಾಲೂ ಮನಸ್ಸಿನ್ಯಾಗ ಹೇಳಿ ನೋಡ್ತೇನಿ. ನೀವೂ ನನ್ನ ಮನಸ್ಸಿನ್ಯಾಗ ಇದ್ದೀರಿ ವಿಶಾಖಾ."

ಮೇಡಮ್ ಅನ್ನಲಿಲ್ಲ ಎಂಬುದು ಇಬ್ಬರಿಗೂ ಒಟ್ಟಿಗೇ ಗೊತ್ತಾಯಿತು.

"ಗಾಂಧಿ ಚೌಕದಾಗ ಚಹಾ ಕುಡ್ಯೂಣೇನ್ರಿ?" ಎಂದಳು ಅವಳು.

ಆಟೋದಲ್ಲಿ ನಡುವೆ ಒಂದು ಗೇಣು ಜಾಗ ಬಿಟ್ಟು ಕುಳಿತರು. ಗಾಂಧಿ ಚೌಕ ಬರುವ ಹೊತ್ತಿಗೆ ಅದೂ ಉಳಿದಿರಲಿಲ್ಲ.