ಮಹಡಿ ಕಿಟಕಿಗೆ ಮರೆ

“ಇರೋದ್ರಲ್ಲೇ ಎತ್ತರದ ಮರಗಳು ಬೇಕು. ಇವತ್ತೇ!”

ಗಿಡಗಳ ನರ್ಸರಿಯ ಬಾಗಿಲಲ್ಲೇ ಹೈಸ್ಕೂಲ್ ಟೀಚರ್ ಸಿಡಿದಳು. ಕುಂಡಗಳಿಗೆ ನೀರು ಬಿಡುತ್ತಿದ್ದ ಯುವಕ ಅವಳನ್ನು ಕಂಡದ್ದೇ, ಕೈಯಲ್ಲಿದ್ದ ಪೈಪನ್ನೇ ಮರೆತ. ನೀರೆಲ್ಲ ಅವನ ಚಪ್ಪಲಿಯ ಮೇಲೆ!

“ಏನಕ್ಕೆ ಮೇಡಂ?”

“ಮರೆಗೆ! ಅಪ್ಪಂಗೆ ಸ್ಟ್ರೋಕ್ ಆಗಿ ಒಂದು ಕಾಲು ಸೋತಿದೆ. ಹಿತ್ತಿಲಲ್ಲಿ ಮಗು ಥರ ನಡೆಯೋದು ಕಲೀತಿದಾರೆ. ಹಿಂದಿನ ಮನೆ ಮಹಡಿ ಕಿಟಕೀಲಿ, ಪರದೆ ಹಿಂದೆ ಯಾವನೋ ನಿಂತು ನೋಡ್ತಾನೆ... ಪುಕ್ಕಟೆ ಸಿನಿಮಾ ಅನ್ನೋ ಹಾಗೆ! ನಾಚಿಕೆಗೆಟ್ಟವನು!”

ಅವನ ಮುಖ ಬಾಡಿತು. “ನಾನೇ ಬಂದು ನೆಟ್ಟುಕೊಡ್ತೀನಿ. ಚಿಗುರೋ ಕಾಲ, ಬೇಗ ಬೇರು ಹಿಡಿಯುತ್ತೆ,” ಎಂದನಷ್ಟೇ.

ಮರುದಿನದಿಂದ ಹಿತ್ತಿಲಲ್ಲಿ ಗುದ್ದಲಿಯ ಸದ್ದು. ಕಾಂಪೌಂಡಿನುದ್ದಕ್ಕೂ ಆಳೆತ್ತರದ ಗಾಳಿಮರಗಳು ಒಂದೊಂದಾಗಿ ನಿಂತವು. ಮಾತು ಕಡಿಮೆ ಮಾಡಿದ್ದ ಅಪ್ಪ ಅವನ ಜೊತೆ ಹರಟಿದರು, ನಕ್ಕರು ಕೂಡ.

‘ಅಪ್ಪನ ನಗು ಕೇಳಿ ಎಷ್ಟು ಕಾಲವಾಯ್ತು... ಇವನಿಗೆ ಹೇಗೆ ಥ್ಯಾಂಕ್ಸ್ ಹೇಳಲಿ?’ ಅಡುಗೆಮನೆಯಲ್ಲಿ ನಿಂತ ಟೀಚರ್‌ಗೆ ಎದೆಯಲ್ಲೇನೋ ಮೆತ್ತಗಾಯಿತು.

ಕೊನೆಯ ಗಿಡವೊಂದೇ ಬಾಕಿ. ಆ ಬೆಳಗ್ಗೆ ಬಟ್ಟೆ ಒಣಹಾಕುತ್ತಾ ಅವಳು ತಲೆಯೆತ್ತಿದಳು. ಮಹಡಿಯ ಕಿಟಕಿಯ ಪರದೆ ಸರಿದಿತ್ತು. ಅಲ್ಲಿ ನಿಂತಿದ್ದವನು... ಅವನೇ!

“ನೀವಾ? ಇಷ್ಟು ದಿನ ಬಾಯಿಬಿಡದೆ ನಾಟಕ ಆಡಿದ್ರಾ? ಇನ್ನು ಈ ಕಡೆ ತಲೆ ಹಾಕ್ಬೇಡಿ!”

ಕಿಟಕಿ ಮುಚ್ಚಿಕೊಂಡಿತು.

ಕೋಲೂರುತ್ತಾ ಅಪ್ಪ ಹೊರಬಂದರು. “ಬೈಬೇಡ ಪುಟ್ಟಿ. ನೀನು ಸ್ಕೂಲಿಗೆ ಹೋದಾಗ ಒಂದಿನ ಇಲ್ಲೇ ಬಿದ್ದುಬಿಟ್ಟೆ. ಕೂಗೋಣ ಅಂದ್ರೆ ಸ್ವರ ಇಲ್ಲ. ಕಾಂಪೌಂಡ್ ಹಾರಿ ಬಂದು ಎತ್ತಿದ್ದು ಅವನೇ. ಅವತ್ತಿಂದ ನಾನು ನಡೆಯೋ ಹೊತ್ತಿಗೆ ಕೆಲಸ ಬಿಟ್ಟು ಮನೆಗೆ ಬಂದು ಆ ಕಿಟಕೀಲಿ ಕಾವಲು ನಿಲ್ತಾನೆ.”

“ನಂಗ್ಯಾಕೆ ಹೇಳ್ಲಿಲ್ಲಪ್ಪಾ?”

“ಗೊತ್ತಾದ್ರೆ ನೀನು ಕೆಲಸ ಬಿಟ್ಟು ಮನೇಲಿ ಕೂರ್ತೀಯ ಅಂತ ನಾನೇ ಅವನ ಹತ್ರ ಮಾತು ತಗೊಂಡಿದ್ದೆ. ‘ಮರ ಬೆಳೆದ್ರೆ ನಾನು ಕಾಣಲ್ಲವಲ್ಲೋ’ ಅಂದೆ. ‘ಅಷ್ಟರಲ್ಲಿ ನೀವು ಓಡ್ತಿರ್ತೀರಿ, ನನ್ನ ಕಾವಲು ಯಾಕೆ’ ಅಂದ ಪುಣ್ಯಾತ್ಮ.”

ಅಷ್ಟರಲ್ಲಿ ಅವನು ಕೆಲಸಕ್ಕೆ ಹೊರಟಾಗಿತ್ತು. ಟೀಚರ್ ಸಿಕ್ಕ ಚಪ್ಪಲಿ ಮೆಟ್ಟಿ ನರ್ಸರಿಗೆ ಓಡಿದಳು.

ಅವನು ಸಸಿಯೊಂದಕ್ಕೆ ಕಡ್ಡಿ ಕಟ್ಟುತ್ತಿದ್ದ. ಅವಳು ಕಣ್ಣೀರಲ್ಲೇ ಅವನೆದುರು ನಿಂತಳು.

“ನನ್ನಪ್ಪನ್ನ ಉಳಿಸಿಕೊಟ್ಟಿದೀರಿ... ನಾನು ನಿಮ್ಮನ್ನೇ ನಾಚಿಕೆಗೆಟ್ಟವನು ಅಂದೆ. ಯಾವ ಜನ್ಮದ ಋಣವೋ... ಹೇಗೆ ತೀರಿಸ್ಲಿ?”

“ಅಳ್ಬೇಡಿ ಮೇಡಂ. ನೀವಂದಿದ್ದು ಪೂರ್ತಿ ಸುಳ್ಳೇನಲ್ಲ.” ಅವನು ತಲೆತಗ್ಗಿಸಿದ. “ಅಪ್ಪನ್ನ ನೋಡ್ಕೊಳ್ಳೋಕೇ ನಿಂತಿದ್ದು. ಆದ್ರೆ ಸಂಜೆ ನೀವು ಬಂದು ಅವರ ಕೈ ಹಿಡಿದು ನಡೆಸುವಾಗ... ಕಿಟಕಿ ಬಿಟ್ಟು ಹೋಗೋಕೆ ಮನಸ್ಸೇ ಬರ್ತಿರ್ಲಿಲ್ಲ. ತಪ್ಪಾಯ್ತು. ಉಳಿದಿರೋ ಗಿಡ ನೆಟ್ಟು ಮುಗಿಸಿಬಿಡ್ತೀನಿ.”

“ಅದನ್ನ ನೆಡಬೇಡಿ!”

“ಯಾಕೆ?”

ಕಣ್ಣೊರೆಸಿಕೊಳ್ಳುತ್ತಲೇ ಅವಳು ನಕ್ಕಳು. “ಆ ಜಾಗದಲ್ಲಿ ಒಂದು ಗೇಟ್ ಇಡ್ಸೋಣ. ಎಷ್ಟು ದಿನ ಅಂತ ಕಾಂಪೌಂಡ್ ಹಾರ್ತೀರಿ?”

“ಗೇಟ್ ತಟ್ಟಿದ್ರೆ... ತೆಗೆಯೋದು ಯಾರು?”

“ನಾನೇ,” ಎಂದಳು. “ಆದ್ರೆ ಒಂದ್ಸಲ ಒಳಗೆ ಬಂದ್ರೆ, ವಾಪಸ್ ಹೋಗೋಕೆ ಬಿಡಲ್ಲ!”